ಮುಚ್ಚಿದ ಅಂಗಡಿಯ ಹಿಂಬಾಗಿಲು

ಹಾಸಿಗೆ ಮೇಸ್ತ್ರಿಯ ಅಳಿಯನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ನಮ್ಮ ಹಿತ್ತಲಲ್ಲಿ, ಹತ್ತಿಯ ರಾಶಿಯ ಪಕ್ಕದಲ್ಲಿ. ನಮ್ಮವರು ತೀರಿಕೊಂಡು ವರ್ಷವಾಗಿತ್ತು. ಇಬ್ಬರು ಮಲಗುತ್ತಿದ್ದ ಹಾಸಿಗೆಯಲ್ಲಿ ಒಬ್ಬಳೇ ಮಲಗಿದರೆ ಅವರ ಕಡೆ ಹಳ್ಳ, ನನ್ನ ಕಡೆ ದಿಣ್ಣೆ. ಹೊರಳಿದರೆ ಸೀದಾ ಹಳ್ಳಕ್ಕೇ ಹೋಗಿ ಬೀಳುತ್ತಿದ್ದೆ. ಬಿಚ್ಚಿ, ಹಿಂಜಿ, ಒಬ್ಬಳಿಗೆ ಆಗುವಷ್ಟು ಮಾಡಿಕೊಡು ಎಂದು ಪಕ್ಕದ ಅಂಗಡಿಯ ಮೇಸ್ತ್ರಿಗೆ ಹೇಳಿದ್ದೆ. ಅವನು ಹಾಸಿಗೆಯ ಹೊಟ್ಟೆ ಸೀಳಿ, ಗಂಟು ಕಟ್ಟಿದ ಹತ್ತಿಯನ್ನು ಬೆರಳಲ್ಲಿ ಬಿಡಿಸುತ್ತ, ಮಗಳಿಗೊಂದು ಗಂಡು ನೋಡಿದ್ದೇನೆ ಎಂದ. ಹುಡುಗ ಕೊರಿಯರ್ ಆಫೀಸಿನಲ್ಲಿ ಕೂತು ವಿಳಾಸ ಬರೆಯುತ್ತಾನಂತೆ. ಮನೆಯಳಿಯನಾಗಿ ಬರಲು ಒಪ್ಪಿದ್ದಾನಂತೆ.

ಅವನಿಗೆ ಹತ್ತಿ ಕೆಲಸ ಗೊತ್ತಿದೆಯಾ ಎಂದು ಕೇಳಿದೆ.

"ಹತ್ತಿ ಯಾರಿಗಾದರೂ ಬರತ್ತೆ ಅಕ್ಕ, ಮಾತು ಬರಬೇಕಲ್ಲ. ನಾನು ಬಾಯಿ ತೆಗೆದ್ರೆ ಅದರಲ್ಲಿ ದಾರ ಇರತ್ತೆ, ಇವಳು ಬಾಯಿ ತೆಗೆದ್ರೆ ದಬ್ಬಳ ಇರತ್ತೆ. ಗಿರಾಕಿ ಹತ್ರ ನಾಲ್ಕು ಮಾತಾಡೋಕೆ ಮನೆಯಲ್ಲಿ ಒಬ್ಬ ಬೇಕು."

ಮಗಳು ಅಲ್ಲೇ ಕೂತು ಹೊಸ ಗವಸಿನ ಅಂಚು ಹೊಲಿಯುತ್ತಿದ್ದಳು. ಅಪ್ಪ ಹೇಳಿದ್ದನ್ನು ಸುಳ್ಳು ಮಾಡಬಾರದು ಎನ್ನುವ ಹಾಗೆ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ, ದಬ್ಬಳವನ್ನು ತುರುಬಿಗೆ ಸಿಕ್ಕಿಸಿಕೊಂಡಳು. ದಬ್ಬಳವೆಂದರೆ ಹಾಸಿಗೆ ಹೊಲಿಯುವ ಉದ್ದನೆಯ ದಪ್ಪ ಸೂಜಿ. ಅದು ಅವಳ ತುರುಬಿನಲ್ಲಿ ಇಲ್ಲದ ಹೊತ್ತು ಕೈಯಲ್ಲಿರುತ್ತಿತ್ತು, ಮತ್ತೆಲ್ಲಿಯೂ ಇರುತ್ತಿರಲಿಲ್ಲ.

ಅಳಿಯ ಬಂದ. ತೆಳ್ಳಗೆ, ಬೆಳ್ಳಗೆ, ತಲೆ ಬಾಚಿದ್ದರಲ್ಲಿ ಒಂದು ಕೂದಲೂ ಆಚೀಚೆ ಇಲ್ಲ. ಅಂಗಡಿಯೊಳಗೆ ಕಾಲಿಟ್ಟ ಗಳಿಗೆಯಿಂದ ಸೀನತೊಡಗಿದ. ಹತ್ತಿಯ ಧೂಳು ಕೆಲವರ ಮೂಗಿಗೆ ಆಗುವುದಿಲ್ಲ. ಹಾಸಿಗೆ ಅಂಗಡಿಗೆ ಸೀನುವ ಅಳಿಯ ಸಿಕ್ಕಿದ್ದು ಮೀನು ಮಾರುವವನಿಗೆ ನೀರು ಕಂಡರಾಗದ ಸೊಸೆ ಸಿಕ್ಕಿದಂತೆ ಎಂದು ಬೀದಿಯಲ್ಲಿ ಆಡಿಕೊಂಡರು. ಆದರೆ ಒಂದು ಮಾತು ಹೇಳಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ಹುಡುಗ ಕೆಲಸ ಕಲಿತ. ಹಿಂಜಿದ ಹತ್ತಿಯನ್ನು ಒಂದು ಚಿಟಿಕೆ ಮೇಲಕ್ಕೆ ಹಾರಿಸಿ, ಅದು ಕೆಳಗೆ ಬರಲು ಎಷ್ಟು ಸತಾಯಿಸುತ್ತದೆ ಎಂದು ನೋಡಿ ಹದ ಹೇಳುವುದನ್ನು ಮೇಸ್ತ್ರಿ ಅವನಿಗೆ ಕಲಿಸಿದ. ಅವನ ಕೈ ಹಗುರ. ಅವನು ಹಿಂಜಿದ ಹತ್ತಿ ಹೊಗೆಯ ಹಾಗೆ ನಿಲ್ಲುತ್ತಿತ್ತು. ಇದನ್ನು ಯಾರೂ ಅವನ ಮುಂದೆ ಹೇಳಲಿಲ್ಲ. ಮೇಸ್ತ್ರಿಯ ಬಾಯಲ್ಲಿ ದಾರ, ಮಗಳ ಬಾಯಲ್ಲಿ ದಬ್ಬಳ, ಹೇಳುವವರು ಯಾರು?

ಮೇಸ್ತ್ರಿ ಹೋದ ಮೇಲೆ ಅಂಗಡಿ ಮಗಳ ಕೈಗೆ ಬಂತು. ಅಣ್ಣ ತಮ್ಮ ಇಲ್ಲ, ಮಕ್ಕಳೂ ಆಗಿರಲಿಲ್ಲ. ಓದಿದವಳಲ್ಲ. ಮುಂದೆ ದೊಡ್ಡ ಬೀದಿಗೆ ಶಟರ್ ಬಾಗಿಲು, ಹಿಂದೆ ನಮ್ಮಿಬ್ಬರಿಗೂ ಸೇರಿದ ಹಿತ್ತಲಿಗೆ ಒಂದು ಮರದ ಬಾಗಿಲು, ನಡುವೆ ಹಿಂಜುವ ಯಂತ್ರ, ಹತ್ತಿಯ ಮೂಟೆಗಳು: ಅವಳ ಲೋಕ ಅಷ್ಟೇ. ಅದು ನಿಂತರೆ ಅವಳೂ ನಿಂತ ಹಾಗೆ.

ಅಳಿಯನಿಗೆ ಅಷ್ಟು ಸಾಲಲಿಲ್ಲ. ಫೋನಿನಲ್ಲಿ ಅವನು ಸ್ಟಾರ್ಟಪ್ ಮಾಡಿದವರ ಅನುಭವ ಕೇಳತೊಡಗಿದ. ಒಳಗೆ ಯಂತ್ರದ ಸದ್ದು, ಅದಕ್ಕೆ ನಮ್ಮ ಜಗಲಿಗೆ ಬಂದು ಕೂತು ಕೇಳುತ್ತಿದ್ದ. ಕಿವಿಗೆ ಬಾಗಿಲಿಲ್ಲವಲ್ಲ, ಹಾಗಾಗಿ ನನಗೂ ಆ ವಿದ್ಯೆ ಒಂದಿಷ್ಟು ಹತ್ತಿತು. ಒಬ್ಬಳು ಮಲಗುವ ಕೋಣೆಯಲ್ಲೇ ಸಾಬೂನು ಮಾಡಿ ಆನ್‌ಲೈನಿನಲ್ಲಿ ದೇಶಾಂತರ ಮಾರಿದಳಂತೆ. ಇನ್ನೊಬ್ಬ ಮೂರು ಸಲ ದಿವಾಳಿಯಾಗಿ ನಾಲ್ಕನೆಯ ಸಲ ಬೂಟು ಮಾರಿ ಮೇಲೆದ್ದನಂತೆ. ಇಣುಕಿ ನೋಡಿದರೆ ಎಲ್ಲರೂ ಕಾಲಿನ ಮೇಲೆ ಕಾಲು ಹಾಕಿ ಕೂತಿರುತ್ತಿದ್ದರು. ಎಲ್ಲರ ಬೆನ್ನ ಹಿಂದೆಯೂ ಒಂದು ಕುಂಡದಲ್ಲಿ ಹಸಿರು ಗಿಡ. ವ್ಯಾಪಾರ ಬೇರೆ ಬೇರೆ, ಗಿಡ ಮಾತ್ರ ಒಂದೇ. ಅವರ ಮಾತೂ ಕೇಳುವಾಗ ಚೆನ್ನಾಗಿಯೇ ಇರುತ್ತಿತ್ತು. ತೊಂದರೆ ಏನೆಂದರೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳುತ್ತಿರಲಿಲ್ಲ, ಅಳಿಯ ಮಾತ್ರ ಇಬ್ಬರದನ್ನೂ ಕೇಳುತ್ತಿದ್ದ.

ಹೆಸರು ಹೊಸದಾಗಿರಬೇಕು ಎಂದು ಒಬ್ಬ ಅಂದ. ಮೇಸ್ತ್ರಿ ಬರೆಸಿದ್ದ 'ಹಾಸಿಗೆ ಅಂಗಡಿ' ಬೋರ್ಡು ಕೆಳಗಿಳಿದು 'ನಿದ್ರಾ ಪರಿಹಾರ ಕೇಂದ್ರ' ಮೇಲೇರಿತು. ಮಾರನೆಯ ದಿನವೇ ಕಣ್ಣು ಕೆಂಪಾದ ಒಬ್ಬ ಮನುಷ್ಯ ಬಂದು ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ. ಒಂದೇ ವಸ್ತು ಮಾರಿ ಎಂದು ಮತ್ತೊಬ್ಬ ಅಂದ. ದಿಂಬು ಮಾತ್ರ ಮಾರುತ್ತೇವೆಂದು ಅಳಿಯ ಹಾಸಿಗೆ ಕೇಳಿ ಬಂದವರನ್ನು ವಾಪಸು ಕಳಿಸಿದ. ಮೇಸ್ತ್ರಿ ಮಗಳು ಬೀದಿಯ ತಿರುವಿನವರೆಗೆ ಓಡಿ ಅವರನ್ನು ಹಿಡಿದು ತಂದಳು. ಗಿರಾಕಿಯ ಮಾತು ಕೇಳಿ ಎಂದು ಒಬ್ಬಳು ಅಂದಾಗ ಬಂದವರನ್ನೆಲ್ಲ ಕೂರಿಸಿ ಹೇಗೆ ಮಲಗುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೇಳಿದ. ಗಿರಾಕಿಗೆ ತನಗೇನು ಬೇಕೆಂದೇ ಗೊತ್ತಿರುವುದಿಲ್ಲ ಎಂದು ಇನ್ನೊಬ್ಬ ಅಂದ ದಿನದಿಂದ ಕೇಳುವುದನ್ನೇ ಬಿಟ್ಟ. ಇವನು ಎತ್ತಾಗಿ ಏರಿಗೆ ಎಳೆದರೆ ಅವಳು ಕೋಣವಾಗಿ ನೀರಿಗೆ ಎಳೆಯಲೂ ಇಲ್ಲ. ಜ್ವರ ತಾನಾಗಿ ಇಳಿಯುತ್ತದೆ ಎಂದು ಹಣೆ ಮುಟ್ಟಿ ನೋಡುವ ತಾಯಿಯ ಹಾಗೆ ಕಾಯುತ್ತಿದ್ದಳು.

ಮಾತೆತ್ತಿದರೆ ಇವನು 'ಅವರ ಅನುಭವ ಏನಪ್ಪಾ ಅಂದ್ರೆ' ಎಂದೇ ಶುರು ಮಾಡುತ್ತಿದ್ದುದರಿಂದ ಬೀದಿಯವರು ಅವನನ್ನು ಅನುಭವದ ಅಳಿಯ ಎಂದು ಕರೆದರು.

ಈ ಜ್ವರಗಳಲ್ಲಿ ದೊಡ್ಡದು ದಿಂಬಿನ ಜ್ವರ. ಯಾವುದೋ ದೇಶದಲ್ಲಿ ಒಬ್ಬ ಹಾಸಿಗೆಯನ್ನು ಪುಕ್ಕಟೆ ಮನೆಗೆ ಕಳಿಸಿ, ತಿಂಗಳು ಮಲಗಿ ನೋಡಿ, ಒಗ್ಗದಿದ್ದರೆ ವಾಪಸು ಕೊಡಿ ಎಂದು ಹೇಳಿ ದೊಡ್ಡ ಕುಳವಾದನಂತೆ. ಒಮ್ಮೆ ಮಲಗಿದವರು ವಾಪಸು ಕೊಡುವುದಿಲ್ಲವಂತೆ, ಅದು ಮನುಷ್ಯ ಸ್ವಭಾವವಂತೆ. ಅಳಿಯ ಅದನ್ನು ದಿಂಬಿಗೆ ಹಚ್ಚಿದ. ಅವನು ಹೇಳಿದ ಮನುಷ್ಯ ಸ್ವಭಾವ ನಮ್ಮ ಬೀದಿಯದಲ್ಲ. ಎದುರುಮನೆಯಾಕೆಯ ಬೀಗರು ಊರಿಂದ ಬರುವವರಿದ್ದರು. ಆಕೆ ಬಂದು ಒಂದು ಕಪಾಟು ದಿಂಬು ಪರೀಕ್ಷೆಗೆಂದು ಹೊತ್ತುಕೊಂಡು ಹೋದಳು. ಬೀಗರು ಮಲಗಿ, ಎದ್ದು, ಊರಿಗೆ ಹೋದರು. ಆಕೆ ದಿಂಬುಗಳನ್ನು ತಂದು ಇಳಿಸಿ, ಯಾಕೋ ನಮಗೆ ಒಗ್ಗಲಿಲ್ಲಪ್ಪ, ಕತ್ತು ಹಿಡಿದ ಹಾಗಾಯಿತು ಎಂದು ಬಹಳ ವಿನಯವಾಗಿ ಹೇಳಿದಳು. ಅದನ್ನು ಪಕ್ಕದ ಮನೆಯವರು ನೋಡಿದರು. ಆಮೇಲೆ ಬೀದಿಯಲ್ಲಿ ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂದು ತಿಳಿಯಬೇಕಾದರೆ ಅಂಗಡಿಯ ಕಪಾಟು ನೋಡಿದರೆ ಸಾಕಾಗುತ್ತಿತ್ತು. ಒಂದು ಮದುವೆ ಮನೆಯವರಂತೂ ಗಂಡಿನ ಕಡೆಯವರಿಗೆಲ್ಲ ಪರೀಕ್ಷೆ ಮಾಡಿಸಿ, ತಲೆಯೆಣ್ಣೆಯ ಕಲೆ ಸಮೇತ ವಾಪಸು ತಂದರು.

ಅಳಿಯ ಎದೆಗುಂದಲಿಲ್ಲ. ವಾಪಸು ಬಂದದ್ದೇ ದೊಡ್ಡ ಪಾಠ ಅಂತ ಅವರ ಅನುಭವ ಹೇಳುತ್ತೆ ಎಂದ.

"ಪಾಠ ಎಣ್ಣೆ ನಾರ್ತಿದೆ," ಎಂದಳು ಮೇಸ್ತ್ರಿ ಮಗಳು. "ಬಿಚ್ಚಿ ಬಿಸಿಲಿಗೆ ಹಾಕಿ."

ಹಾಕಿದ. ಎಲ್ಲವನ್ನೂ ಬಿಚ್ಚಿ, ನಮ್ಮ ಹಿತ್ತಲ ತುಂಬ ಹರವಿ, ಮತ್ತೆ ಹಿಂಜಿ, ಮತ್ತೆ ತುಂಬಿದ. ಕೆಲಸದಲ್ಲಿ ಅವನು ಎಂದೂ ಮೈಗಳ್ಳನಲ್ಲ. ಹಿಂಜುವಾಗ ಮುಖದಲ್ಲಿ ಒಂದು ನೆಮ್ಮದಿಯೂ ಇರುತ್ತಿತ್ತು. ಮೂಗಿನ ಬಟ್ಟೆ ಬಿಚ್ಚಿ ಫೋನ್ ತೆಗೆದ ಕೂಡಲೇ ಅದು ಹೋಗುತ್ತಿತ್ತು.

ಕೇಳಿ ಕೇಳಿ ಅವನಿಗೆ ಒಂದು ಆಸೆ ಹುಟ್ಟಿತು. ಎಷ್ಟು ದಿನ ಬೇರೆಯವರ ಅನುಭವ ಕೇಳುವುದು, ತನ್ನದನ್ನೂ ನಾಲ್ಕು ಜನ ಕೇಳಬೇಕು. ಹಾಗೆ ಅನುಭವಗಳನ್ನು ಕೇಳಿ ವೀಡಿಯೊ ಮಾಡುವ ಒಬ್ಬ ಹೆಂಗಸಿಗೆ ಬರೆದ. ಆಕೆ ಫೋನ್ ಮಾಡಿದಾಗ ಅವನು ನಮ್ಮ ಜಗಲಿಯಲ್ಲೇ ಇದ್ದ, ಸ್ಪೀಕರ್ ಹಾಕಿ ಫೋನನ್ನು ಜಗಲಿಯ ಮೇಲಿಟ್ಟೇ ಮಾತಾಡಿದ. ಆಕೆಯ ಧ್ವನಿ ನನಗೂ ಸ್ಪಷ್ಟ ಕೇಳುತ್ತಿತ್ತು.

"ಈಗ ಅಂಗಡಿ ಯಾವ ಸ್ಥಿತಿಯಲ್ಲಿದೆ ಸರ್?"

"ನಡೀತಿದೆ ಮೇಡಂ."

"ಅದಕ್ಕೆ ಮುಂಚೆ ಎಷ್ಟು ಸಲ ಮುಚ್ಚಿದ್ರಿ?"

"ಮುಚ್ಚಿಲ್ಲ ಮೇಡಂ. ನಮ್ಮ ಮಾವನ ಕಾಲದಿಂದ ನಡೀತಾನೇ ಇದೆ."

ಆಕೆ, ಜನ ಬಿದ್ದವರ ಕಥೆ ಕೇಳುತ್ತಾರೆ ಸರ್, ಸುಮ್ಮನೆ ನಿಂತವರದಲ್ಲ, ಎಂದು ಬೇಜಾರಿನಿಂದಲೇ ಹೇಳಿದಳು. "ಮುಚ್ಚೋ ಹಾಗಿದ್ರೆ ಹೇಳಿ, ಬರ್ತೀವಿ."

ಅಂಗಡಿ ಮುಚ್ಚಿಹೋದವರು ತಲೆಯ ಮೇಲೆ ಕೈ ಹೊತ್ತು ಕೂರುವುದನ್ನು ನೋಡಿದ್ದೇನೆ. ಅಂಗಡಿ ಮುಚ್ಚಿಲ್ಲವೆಂದು ಹಾಗೆ ಕೂತವನನ್ನು ನೋಡಿದ್ದು ಅದೇ ಮೊದಲು.

ಆ ಸಂಜೆ ಅವನು ಹೆಂಡತಿಗೆ ವಿಷಯ ಹೇಳಿದ. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ, ಹಿಂಬಾಗಿಲು ತೆರೆದಿತ್ತು. ಒಂದು ದಿನದ ಮಟ್ಟಿಗೆ ಶಟರ್ ಎಳೆದರೆ ಸಾಕು, ನಿಜವಾಗಿ ಮುಚ್ಚುವುದು ಬೇಡ, ಅದರ ಮುಂದೆ ನಿಂತು ಮಾತಾಡುತ್ತೇನೆ ಎಂದು ಸಮಜಾಯಿಷಿ ಕೊಟ್ಟ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಅಂಗಡಿ ಮುಚ್ಚಿದವರು ಅಳ್ತಾರೆ. ಅಳೋರು ಯಾರು?"

"ನಾನೇ ಅಳ್ತೀನಿ."

"ಅಪ್ಪ ಹೋದಾಗ ಕೂಡ ಅಳಲಿಲ್ಲ ನೀವು."

"ಅವತ್ತು ಬರಲಿಲ್ಲ. ಇವತ್ತು ಬರೋ ಹಾಗಿದೆ."

ಅವಳು ಆಗ ತಲೆಯೆತ್ತಿ ಅವನ ಮುಖ ನೋಡಿದಳು. ಏನು ಕಂಡಿತೋ. "ಎಳ್ಕೊಳಿ," ಎಂದಳು. "ಮುಂದಿನ ಬಾಗಿಲು ನಿಮಗೆ. ಹಿಂದಿನದು ನನಗೆ. ಅದನ್ನ ಮುಟ್ಟಬೇಡಿ."

ವೀಡಿಯೊದವರು ಬಂದರು. ಅಳಿಯ ಇಳಿದ ಶಟರ್ ಮುಂದೆ ನಿಂತು, ಒಂದು ಕೈಯನ್ನು ಅದರ ಮೇಲಿಟ್ಟು, ಮಾವ ಕಟ್ಟಿ ಬೆಳೆಸಿದ ಅಂಗಡಿಯನ್ನು ತಾನು ಹೇಗೆ ಮುಳುಗಿಸಿದೆ ಎಂದು ಹೇಳಿದ. ಹೆಸರು ಬದಲಾಯಿಸಿದ್ದು, ಹಾಸಿಗೆ ಬಿಟ್ಟು ದಿಂಬು ಹಿಡಿದದ್ದು, ದಿಂಬನ್ನು ಬೀದಿಯ ನೆಂಟರಿಗೆಲ್ಲ ಹಾಸಿದ್ದು, ಯಾವುದನ್ನೂ ಬಚ್ಚಿಡಲಿಲ್ಲ. ಎಲ್ಲ ನಿಜವೇ. ಕೊನೆಯದೊಂದು ಬಿಟ್ಟು. ಅದನ್ನು ಹೇಳುವಾಗ, ಈ ಶಟರ್ ಇಳಿದ ಸದ್ದು ಇನ್ನೂ ಕಿವಿಯಲ್ಲಿದೆ ಎನ್ನುವಾಗ, ಅತ್ತೇಬಿಟ್ಟ. ಸುಳ್ಳು ಹೇಳುತ್ತ ನಿಜವಾಗಿ ಅಳುವುದು ಎಲ್ಲರಿಗೂ ಬರುವುದಿಲ್ಲ. ಶಟರಿನ ಆ ಕಡೆ ಅವನ ಹೆಂಡತಿ ಯಾರದೋ ಮಗುವಿನ ಹಾಸಿಗೆಗೆ ಸದ್ದಿಲ್ಲದೆ ಹೊಲಿಗೆ ಹಾಕುತ್ತಿದ್ದಳು. ಅವನು ನಿಜವಾಗಿಯೂ ಅತ್ತನಲ್ಲ ಎಂದು ಸಂಜೆ ನಾನು ಕೇಳಿದ್ದಕ್ಕೆ, ಶಟರಿನ ಸಂದಿಯ ಧೂಳು ಕಣ್ಣಿಗೆ ಬಿದ್ದಿರಬೇಕು ದೊಡ್ಡಮ್ಮ ಎಂದಳು.

ಆ ವೀಡಿಯೊವನ್ನು ಎಷ್ಟು ಜನ ನೋಡಿದರೋ ದೇವರಿಗೇ ಗೊತ್ತು. ಅಂಗಡಿ ನಡೆಸಿದಷ್ಟು ಕಾಲ ಅವನನ್ನು ಯಾರೂ ಕೇಳಿರಲಿಲ್ಲ. ಮುಚ್ಚಿದೆ ಅಂದ ಮೇಲೆ ದೂರದೂರದಿಂದ ಹುಡುಕಿಕೊಂಡು ಬಂದರು. ಮೇಣದಬತ್ತಿ ಮಾರಬೇಕೆಂದಿದ್ದ ಹುಡುಗಿ, ಕ್ಷೌರದ ಅಂಗಡಿಯನ್ನು ಮನೆಮನೆಗೆ ಕೊಂಡೊಯ್ಯುವ ಯೋಚನೆಯ ಯುವಕ, ಏನೂ ಯೋಚನೆಯಿಲ್ಲದಿದ್ದರೂ ಹೊತ್ತು ಹೋಗಬೇಕಾಗಿದ್ದ ಒಬ್ಬ ನಿವೃತ್ತ ಗುಮಾಸ್ತರು, ಇನ್ನೂ ಎಷ್ಟೋ ಜನ. ನೀವು ಮಾಡಿದ ತಪ್ಪು ನಮಗೆ ಕಲಿಸಿ ಎಂದರು. ಅಳಿಯ ಶನಿವಾರ ಭಾನುವಾರ ತರಗತಿ ಶುರು ಮಾಡಿದ. ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿಡುತ್ತಿದ್ದ. ಎಲ್ಲರೂ ಬಗ್ಗಿ ಒಳಗೆ ಹೋಗಬೇಕು. ಸೋಲಿನ ಎದುರು ತಲೆ ತಗ್ಗಿಸಿ ಬರಬೇಕು, ಅದು ಮೊದಲ ಪಾಠ ಎಂದು ಹೇಳುತ್ತಿದ್ದನಂತೆ. ನಡುವೆ ಹಲಗೆಯ ಗೋಡೆ ಬಂತು. ಮುಂದೆ ಕಬ್ಬಿಣದ ಕುರ್ಚಿಗಳು, ಕುಂಡದಲ್ಲಿ ಒಂದು ಹಸಿರು ಗಿಡ. ಹಿಂದೆ ಯಂತ್ರ, ಹತ್ತಿ ಮತ್ತು ಅವನ ಹೆಂಡತಿ.

ನಮ್ಮದು ಮೂಲೆಮನೆ. ಜಗಲಿಯಲ್ಲಿ ಕೂತರೆ ಈ ಕಡೆ ಬೀದಿ, ಆ ಕಡೆ ಹಿತ್ತಲಿಗೆ ಹೋಗುವ ಓಣಿ, ಎರಡೂ ಕಾಣುತ್ತಿದ್ದವು. ಹಾಸಿಗೆ ಬೇಕಾದವರು ಬಂದು ಅರ್ಧ ಇಳಿದ ಶಟರ್ ನೋಡಿ ನನ್ನನ್ನು ಕೇಳುತ್ತಿದ್ದರು. ತರಗತಿಯವರ ಎದುರು ಮುಚ್ಚಿದೆ ಅಂತಲೇ ಹೇಳಿ ದೊಡ್ಡಮ್ಮ, ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ ಎಂದು ಅಳಿಯ ಬೇಡಿಕೊಂಡಿದ್ದ. ಯಾರನ್ನೂ ವಾಪಸು ಕಳಿಸಬೇಡಿ ದೊಡ್ಡಮ್ಮ, ಓಣಿ ತೋರಿಸಿ ಎಂದು ಅವಳು ಹೇಳಿದ್ದಳು. ನಾನು ಬಾಯಲ್ಲಿ ಮುಚ್ಚಿದೆಯಪ್ಪಾ ಎನ್ನುತ್ತಿದ್ದೆ, ಕೈಯಲ್ಲಿ ಓಣಿ ತೋರಿಸುತ್ತಿದ್ದೆ. ಬಂದವರು ಮೊದಲು ನನ್ನನ್ನು ಅರಳುಮರಳು ಅಂದುಕೊಂಡರು, ಆಮೇಲೆ ಅಭ್ಯಾಸವಾಯಿತು. ಹಾಸಿಗೆ ಕೊಳ್ಳುವುದು ಏನೋ ಕದ್ದ ಮಾಲು ಕೊಳ್ಳುವ ಹಾಗಾದದ್ದರಿಂದ ಕೆಲವರಿಗೆ ರುಚಿಯೂ ಹತ್ತಿತು.

ತರಗತಿಯ ಹೊತ್ತಿನಲ್ಲಿ ಅವಳು ಯಂತ್ರ ಹಾಕುವಂತಿರಲಿಲ್ಲ. ಸತ್ತ ಅಂಗಡಿ ಸದ್ದು ಮಾಡಬಾರದಲ್ಲ. ಕೈಹೊಲಿಗೆ ಮಾತ್ರ ಮಾಡುತ್ತ ಹಲಗೆಯ ಆಚೆಯಿಂದ ಗಂಡನ ಪಾಠ ಕೇಳುತ್ತಿದ್ದಳು. ತನ್ನ ಅಂಗಡಿ ಹೇಗೆ ಸತ್ತಿತೆಂದು ವಾರಕ್ಕೆರಡು ದಿನ ಕೇಳಿಸಿಕೊಳ್ಳುತ್ತ ಆ ಅಂಗಡಿಯನ್ನೇ ನಡೆಸುವುದು ಸಣ್ಣ ಕೆಲಸವಲ್ಲ. ನಾನೊಮ್ಮೆ ಇದೆಲ್ಲ ಎಷ್ಟು ದಿನ ಎಂದು ಕೇಳಿದೆ. ಅವರಿಗೆ ಈಗ ಸೀನು ಬರ್ತಿಲ್ಲ ದೊಡ್ಡಮ್ಮ ಎಂದಳು. ಅದು ದೂರೋ ಸಮಾಧಾನವೋ ತಿಳಿಯಲಿಲ್ಲ.

ಕಬ್ಬಿಣದ ಕುರ್ಚಿಯಲ್ಲಿ ಮಧ್ಯಾಹ್ನವಿಡೀ ಕೂರುವುದು ಸುಲಭವಲ್ಲ. ಗುಮಾಸ್ತರಿಗೆ ಮೊದಲು ಬುಡ ನೊಂದಿತು. ಯಾರೋ ಓಣಿ ತೋರಿಸಿದರು. ಹಿಂಬಾಗಿಲಲ್ಲಿ ಒಂದು ಕೂರುವ ದಿಂಬು ಕೊಂಡು ತಂದರು. ಮುಂದಿನ ವಾರ ಮೇಣದಬತ್ತಿ ಹುಡುಗಿ ತಂದಳು. ಹೀಗೆ ಅಂಗಡಿ ಮುಳುಗಿದ ಕಥೆಯನ್ನು ಜನ ಅದೇ ಅಂಗಡಿಯ ದಿಂಬಿನ ಮೇಲೆ ಕೂತು ಕೇಳುತ್ತಿದ್ದರು. ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸಿದ್ದಾಳೆ ಸರ್, ಬೋರ್ಡಿಲ್ಲ, ಏನಿಲ್ಲ, ವ್ಯಾಪಾರ ಹೇಗೆ ಮಾಡ್ತಾಳೆ ನೋಡಿ ಎಂದು ಗುಮಾಸ್ತರು ಅಳಿಯನಿಗೇ ಹೇಳಿದರಂತೆ. ಅವನು ಅದನ್ನು ಕೇಳಿ ಗಿಡಕ್ಕೆ ನೀರು ಹಾಕಿದನಂತೆ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಾವೆಲ್ಲ ನಗುತ್ತಿದ್ದೆವು. ನಗು ನಿಂತದ್ದು ಹಾಸ್ಟೆಲಿನ ವಾರ್ಡನ್ ಬಾರದೆ ಹೋದಾಗ.

ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಹಾಸ್ಟೆಲಿನ ಹಾಸಿಗೆಗಳೆಲ್ಲ ಈ ಅಂಗಡಿಗೆ ಬರುತ್ತಿದ್ದವು. ಹಳೆಯದು ಹಿಂಜಿ ತುಂಬುವುದು, ಹರಿದುಹೋದದ್ದಕ್ಕೆ ಹೊಸದು ಮಾಡುವುದು, ಮೇಸ್ತ್ರಿಯ ಕಾಲದಿಂದ ನಡೆದು ಬಂದದ್ದು. ಉಳಿದ ವ್ಯಾಪಾರವೆಲ್ಲ ಚಿಲ್ಲರೆ. ವರ್ಷ ದಾಟುತ್ತಿದ್ದುದು ಆ ಒಂದು ಕೆಲಸದಿಂದ. ಅದಕ್ಕೆಂದೇ ಅವಳು ಹತ್ತಿಯ ಮೂಟೆಗಳನ್ನು ಮೊದಲೇ ತರಿಸಿ ಸೂರಿಗೆ ಮುಟ್ಟುವ ಹಾಗೆ ಪೇರಿಸಿದ್ದಳು. ವಾರ್ಡನ್ ಬರುವ ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಕೊನೆಗೆ ಅವಳೇ ಹೋಗಿ ವಿಚಾರಿಸಿದಳು. ವಾರ್ಡನ್ ಪಾಪ ಎದ್ದು ನಿಂತು ಸಂತಾಪ ಸೂಚಿಸಿದರಂತೆ. ನಿಮ್ಮ ಯಜಮಾನರು ಅತ್ತದ್ದನ್ನು ನೋಡಿದೆನಮ್ಮ, ನನಗೂ ಕಣ್ಣು ತುಂಬಿತು, ಅಂಗಡಿ ಮುಚ್ಚಿದ ಮೇಲೆ ಏನು ಮಾಡುವುದು, ಬೇರೆಯವರಿಗೆ ಹೇಳಿಬಿಟ್ಟೆವು ಎಂದರಂತೆ.

ಅವಳು ವಾಪಸು ಬಂದದ್ದು ಶನಿವಾರ, ತರಗತಿಯ ಹೊತ್ತಿಗೆ. ಓಣಿಗೆ ತಿರುಗಲಿಲ್ಲ. ನಮ್ಮ ಜಗಲಿಯ ಮುಂದೆಯೇ ನಡೆದು, ಶಟರಿನ ಎದುರು ನಿಂತು, ಬಗ್ಗದೆ, ಅದರ ಹಿಡಿಯನ್ನು ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಪೂರ್ತಿ ಮೇಲೆತ್ತಿದಳು. ಅಷ್ಟು ದಿನ ಇಳಿದೇ ಇದ್ದ ತಗಡು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಒಳಗೆ ಕೂತವರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡರು. ಗುಮಾಸ್ತರು ಎದ್ದು, ಯಾರಮ್ಮ ನೀವು, ಓ, ಹಿಂದಿನ ಓಣಿಯವರಲ್ಲವೇ ಎಂದರು.

"ಹಿಂದಿನ ಓಣಿಯವಳೂ ನಾನೇ. ಈ ಅಂಗಡಿಯವಳೂ ನಾನೇ. ಇವರ ಹೆಂಡತಿನೂ ನಾನೇ."

ಅಂಗಡಿ ಮುಚ್ಚಿದೆಯಲ್ಲ ಎಂದು ಮೇಣದಬತ್ತಿ ಹುಡುಗಿ ಮೆಲ್ಲಗೆ ಅಂದಳು.

"ನೀವು ಕೂತಿರೋ ದಿಂಬು ಹೋದ ವಾರದ್ದು ತಾಯಿ." ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಕೂಗಲಿಲ್ಲ. "ಹಾಸ್ಟೆಲಿನವರು ಬೇರೆ ಕಡೆ ಹೋದರು. ನೀವು ಅತ್ತಿದ್ದನ್ನ ನಂಬಿದರು. ಇಷ್ಟು ದಿನ ನೀವು ಹೇಳಿದ ಸುಳ್ಳನ್ನ ನಾನು ಹಿಂದಿನ ಬಾಗಿಲಲ್ಲಿ ಸಾಕಿದೆ. ಇನ್ನು ಅದು ನಿಜ ಆಗೋಕೆ ಹೊರಟಿದೆ. ಅಪ್ಪನ ಅಂಗಡಿ ಹಾಗೆ ಸಾಯೋಕೆ ನಾನು ಬಿಡಲ್ಲ."

ಅಲ್ಲಿ ಆಗಬಾರದ್ದೊಂದು ಆಯಿತು. ಕ್ಷೌರದ ಯುವಕ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಉಳಿದವರೂ ತಟ್ಟಿದರು. ಇದೆಲ್ಲ ಅಂದಿನ ಪಾಠದ ಭಾಗ, ಸೋತವರು ಮತ್ತೆ ಏಳುವುದನ್ನು ಕಣ್ಣೆದುರೇ ಆಡಿ ತೋರಿಸುತ್ತಿದ್ದಾರೆ ಎಂದು ಅಂದುಕೊಂಡರು. ಒಬ್ಬಳು ಫೋನ್ ಎತ್ತಿ ಹಿಡಿದು, ಇನ್ನೊಂದು ಸಲ ಶಟರ್ ಎತ್ತುತ್ತೀರಾ ಮೇಡಂ, ಮೊದಲನೆಯದು ಸಿಗಲಿಲ್ಲ ಎಂದು ಕೇಳಿದಳು. ಮೇಸ್ತ್ರಿ ಮಗಳು ಅವರನ್ನು ನೋಡಿದಳು, ಗಂಡನನ್ನು ನೋಡಿದಳು. ಮಾತು ಬರುವ ಅಳಿಯ ಅಂದು ಗಿಡದ ಕುಂಡವನ್ನು ಅತ್ತಿತ್ತ ಸರಿಸುತ್ತಿದ್ದ. ಅವಳು ಹಲಗೆಯ ಗೋಡೆಯ ಹಿಂದೆ ಹೋಗಿ ಯಂತ್ರ ಹಾಕಿದಳು. ಆ ಸದ್ದಿನಲ್ಲಿ ತರಗತಿ ಮುಗಿಯಿತು.

ಮಾರನೆಯ ದಿನದಿಂದ ಆ ಶಟರ್ ಬೆಳಿಗ್ಗೆ ಪೂರ್ತಿ ಮೇಲೆ, ಸಂಜೆ ಪೂರ್ತಿ ಕೆಳಗೆ. ಹಲಗೆಯ ಗೋಡೆಯನ್ನು ಅವಳೇ ಬಿಚ್ಚಿಸಿದಳು. ಬೋರ್ಡಿನ ಮೇಲೆ ಸುಣ್ಣ ಬಳಿದು ಹಾಸಿಗೆ ಅಂಗಡಿ ಎಂದು ಬರೆಸಿದಳು. ಒಂದು ಹೊಸ ಹಾಸಿಗೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹಾಸ್ಟೆಲಿಗೆ ಹೋಗಿ, ವಾರ್ಡನ್ ಕೋಣೆಯಲ್ಲೇ ಹಾಸಿ, ಮಲಗಿ ನೋಡಿ ಸರ್, ಸತ್ತವರ ಕೈಯಿಂದ ಇಂಥದ್ದು ಆಗತ್ತಾ ಎಂದು ಕೇಳಿದಳಂತೆ. ಅವರು ಮೊದಲು ನಾಚಿಕೊಂಡು, ಆಮೇಲೆ ಬಾಗಿಲು ಹಾಕಿ ಮಲಗಿದರಂತೆ. ಬೇರೆಯವರಿಗೆ ಕೊಟ್ಟಿದ್ದರಲ್ಲಿ ಅರ್ಧ ಅವಳಿಗೆ ಬಂತು. ಅರ್ಧವಾದರೂ ಅದು ಒಬ್ಬಳ ಕೈಗೆ ಮೀರಿದ ಕೆಲಸ. ಅವಳು ಹಿಂಜುತ್ತಿದ್ದರೆ ಹೊಲಿಗೆ ನಿಲ್ಲುತ್ತಿತ್ತು, ಹೊಲಿಯುತ್ತಿದ್ದರೆ ಯಂತ್ರ ನಿಲ್ಲುತ್ತಿತ್ತು. ಶಾಲೆ ತೆರೆಯುವ ಮುಂಚೆ ಮುಗಿಸದಿದ್ದರೆ ಆ ಅರ್ಧವೂ ಮುಂದಿನ ವರ್ಷಕ್ಕಿಲ್ಲ.

ಇತ್ತ ಅಳಿಯನ ತರಗತಿಗೆ ಜನ ಕಡಿಮೆಯಾದರು. ಆ ಚಪ್ಪಾಳೆಯ ವೀಡಿಯೊ ಎಲ್ಲ ಕಡೆ ಹರಡಿತು. ನಾಲ್ಕು ದಿನ ಹೊಗಳಿದರು. ಆಮೇಲೆ ಯಾರೋ ಬುದ್ಧಿವಂತ ಎರಡನ್ನೂ ಜೋಡಿಸಿ ನೋಡಿದ. ಈ ಮನುಷ್ಯ ನಿಜವಾಗಿ ಸೋತೇ ಇಲ್ಲ, ಅಂಗಡಿ ಚೆನ್ನಾಗಿ ನಡೆಯುತ್ತಿದೆ, ನಮಗೆಲ್ಲ ಮೋಸ ಎಂದು ಬರೆದ. ಸೋತವನನ್ನು ಲೋಕ ಕ್ಷಮಿಸುತ್ತದೆ, ಸೋಲದೆ ಸಿಕ್ಕಿಬಿದ್ದವನನ್ನು ಕ್ಷಮಿಸುವುದಿಲ್ಲ. ತರಗತಿಯನ್ನು ಯಾರೋ ಕೊಟ್ಟ ಮಾಳಿಗೆಯ ಕೋಣೆಗೆ ಸಾಗಿಸಿದ. ಕೊನೆಗೆ ಗುಮಾಸ್ತರೊಬ್ಬರೇ ದಿಂಬು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಒಂದು ದಿನ ಅವರೂ ಬರಲಿಲ್ಲ. ಬೇರೊಬ್ಬ ಸಿಕ್ಕಿದ್ದಾನೆ, ಅವನದು ಎರಡು ಕಾರ್ಖಾನೆ ನಿಜವಾಗಿಯೇ ಮುಳುಗಿದೆಯಂತೆ ಎಂದು ನನಗೆ ದಾರಿಯಲ್ಲಿ ಸಂತೋಷದಿಂದ ಹೇಳಿದರು.

ಹಾಗೆ ಅವನಿಗೂ ಒಂದು ಅಸಲಿ ಸೋಲು ಬಂತು. ಇಲ್ಲದ ಸೋಲನ್ನು ಊರೆಲ್ಲ ಸಾರಿದವನು ಇದ್ದದ್ದನ್ನು ಬಾಯಿ ಬಿಡಲಿಲ್ಲ. ಶನಿವಾರ ಎಂದಿನಂತೆ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ತರಗತಿ ಇದೆ ಎಂದು ಮನೆಯಿಂದ ಹೊರಡುತ್ತಿದ್ದ. ಬೀದಿಯ ತುದಿಗೆ ಹೋಗಿ, ಸುತ್ತು ಹಾಕಿ, ಓಣಿಯಿಂದ ನಮ್ಮ ಹಿತ್ತಲಿಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಫೋನ್ ಜೇಬಿನಲ್ಲೇ. ಅಂಗಡಿಯ ಹಿಂಬಾಗಿಲು ತೆರೆದಿರುತ್ತಿತ್ತು. ಯಂತ್ರ ನಿಂತಿತು ಎಂದರೆ ತಲೆ ಎತ್ತುತ್ತಿದ್ದ, ಮತ್ತೆ ಶುರುವಾದರೆ ತಗ್ಗಿಸುತ್ತಿದ್ದ. ಗಂಡ ಹೆಂಡತಿಯ ನಡುವೆ ಮಾತು ನಿಂತಿತ್ತು. ಊಟಕ್ಕೆ ಬನ್ನಿ ಅನ್ನುವುದೂ ತಟ್ಟೆಯ ಸದ್ದಿನಲ್ಲೇ. ಅವನು ಹಿತ್ತಲಲ್ಲಿ ಕೂತಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳು ಹೇಳಲಿಲ್ಲ. ಹಿಂಜೋಕೆ ಒಬ್ಬ ಆಳು ಬೇಕು ದೊಡ್ಡಮ್ಮ, ನಿಮಗೆ ಯಾರಾದರೂ ಗೊತ್ತಾ ಎಂದು ಮಾತ್ರ ಬಾಗಿಲಲ್ಲಿ ನಿಂತು, ಹಿತ್ತಲಿಗೆಲ್ಲ ಕೇಳುವ ಹಾಗೆ ಒಮ್ಮೆ ಕೇಳಿ ಒಳಗೆ ಹೋದಳು.

ಅವಳು ಅತ್ತ ಹೋದ ಮೇಲೆ ಅಳಿಯ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತ. ಯಾರನ್ನಾದರೂ ಹೇಳಿದ್ರಾ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಅವನು ಬಾಚಿದ ತಲೆಯ ಮೇಲೆ ಕೈಯಾಡಿಸಿಕೊಂಡ. ಹೆಂಡತಿಗೆ ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿಸುವ ಸಂದರ್ಭ ಆ ದಿನದಿಂದ ಈಚೆಗೆ ಅವನಿಗೆ ಬರಲಿಲ್ಲ, ಅದೇ ಕೊನೆ.

"ಒಬ್ಬ ಇದ್ದಾನೆ ಅಂತ ಹೇಳಿ ನೋಡಿ ದೊಡ್ಡಮ್ಮ. ಯಾರು ಅಂತ ಹೇಳಬೇಡಿ. ಇಲ್ಲೇ ಹತ್ತಿರದಲ್ಲೇ ಇರೋನು, ಬೆಳಿಗ್ಗೆ ಬೇಗ ಬರ್ತಾನೆ, ಮಧ್ಯಾಹ್ನದ ಊಟಕ್ಕೆ ಮನೆಗೇ ಹೋಗ್ತಾನೆ ಅನ್ನಿ."